ಬಾವಿಗೂ ಗುಂಡಿಗೂ ನಡುವೆ

ಮೂವತ್ತನಾಲ್ಕು ವರ್ಷ ಪರರ ಸೂರಿನ ಕೆಳಗೆ ಬಾಳಿದ ಮೇಷ್ಟ್ರು, ನಿವೃತ್ತಿಯ ಹಣ ಕೈಸೇರಿದ ತಿಂಗಳಲ್ಲೇ ಸ್ವಂತ ಮನೆಯ ಮಾತೆತ್ತಿದರು. ಅವರು ಮಾಧ್ಯಮಿಕ ಶಾಲೆಯಲ್ಲಿ ಸಾಮಾನ್ಯ ವಿಜ್ಞಾನ ಹೇಳಿಕೊಟ್ಟವರು. ವಾಸದ ಮನೆಗೆ ಗಾಳಿ ಬೆಳಕು ಧಾರಾಳವಾಗಿರಬೇಕು, ಬಚ್ಚಲ ನೀರು ಮನೆಯ ಸುತ್ತ ನಿಲ್ಲಬಾರದು, ಕುಡಿಯುವ ನೀರಿನ ಬಾವಿ ಕೊಟ್ಟಿಗೆಗೂ ಪಾಯಿಖಾನೆಗೂ ದೂರವಿರಬೇಕು ಎಂಬ ಪಾಠವನ್ನು ವರ್ಷಕ್ಕೊಮ್ಮೆ ತಪ್ಪದೆ ಹೇಳಿದ್ದರು. ಮಕ್ಕಳು ತಪ್ಪದೆ ಪರೀಕ್ಷೆಯಲ್ಲಿ ಬರೆದಿದ್ದರು. ಪಾಠ ಮುಗಿಸಿ ಮೇಷ್ಟ್ರು ಹಿಂದಿರುಗುತ್ತಿದ್ದುದು ಮಾತ್ರ ನಡುಹಗಲಿನಲ್ಲೂ ದೀಪ ಹಚ್ಚಿಕೊಳ್ಳಬೇಕಾದ ಬಾಡಿಗೆ ಮನೆಗೆ. ಉಪಾಧ್ಯಾಯರ ಬಾಳಿನಲ್ಲಿ ಪಾಠಕ್ಕೂ ಮನೆಗೂ ಇಷ್ಟು ಅಂತರ ಇರುವುದು ಹೊಸದೇನೂ ಅಲ್ಲ.

ವರ್ಗವಾದಂತೆಲ್ಲ ಮನೆ ಬದಲಾಗುತ್ತಿತ್ತು. ಮನೆಯ ಕಷ್ಟ ಬದಲಾಗುತ್ತಿರಲಿಲ್ಲ. ಶ್ರೀನಿವಾಸಪುರದ ಮನೆ ಮಾವಿನ ಮಂಡಿಗಳಿಗೆ ಹತ್ತಿರ. ಬೇಸಗೆಯ ಎರಡು ತಿಂಗಳು ಬೀದಿಗೆ ಬೀದಿಯೇ ಘಮಘಮಿಸುವುದು. ಸುಗ್ಗಿ ಮುಗಿಯುವ ಹೊತ್ತಿಗೆ ಕೊಳೆತ ಹಣ್ಣಿನ ರಾಶಿಯಿಂದ ನೊಣಗಳ ಸಂಸಾರ ಮೇಷ್ಟ್ರ ಅಡಿಗೆಮನೆಗೆ ವಲಸೆ ಬರುವುದು. ಮುಳಬಾಗಿಲಿನ ಮನೆಗೆ ಕಲ್ಲಿನ ಚಪ್ಪಡಿಯ ಮಾಳಿಗೆ. ತಂಪೇನೋ ಹೌದು, ಆದರೆ ಕಿಟಕಿಯೆಂಬುದಿಲ್ಲ. ನೆತ್ತಿಯ ಮೇಲಿನ ಒಂದು ಗವಾಕ್ಷಿಯಿಂದ ಇಳಿದ ಬಿಸಿಲಿನ ಚೌಕ ಬೆಳಗಿನಿಂದ ಸಂಜೆಯವರೆಗೆ ನಡುಮನೆಯ ಈ ಗೋಡೆಯಿಂದ ಆ ಗೋಡೆಗೆ ನಡೆದುಹೋಗುತ್ತಿತ್ತು. ಮಕ್ಕಳು ಆ ಚೌಕದ ಹಿಂದೆ ಹಿಂದೆ ಮಣೆ ಸರಿಸಿಕೊಂಡು ಓದುತ್ತಿದ್ದರು. ಇನ್ನು ಮಾಲೂರು. ನಾಡಿಗೆಲ್ಲ ಹೆಂಚು ಇಟ್ಟಿಗೆ ಮಾಡಿಕೊಟ್ಟ ಊರು ಅದು. ಅಲ್ಲಿ ಮೇಷ್ಟ್ರಿಗೆ ಸಿಕ್ಕ ಮನೆಯ ಹೆಂಚು ಮಾತ್ರ ಮಳೆ ಬಂದ ರಾತ್ರಿಯೆಲ್ಲ ಸೋರುತ್ತಿತ್ತು.

ಹೀಗಿರಲು, ೨೦೧೭ರಲ್ಲಿ ಕೋಲಾರದ ಹೊರವಲಯದ ಒಂದು ಹೊಸ ಬಡಾವಣೆಯಲ್ಲಿ ಮೂವತ್ತಕ್ಕೆ ನಲವತ್ತು ಅಡಿಯ ನಿವೇಶನ ಅವರದಾಯಿತು. ಹಿಂದೆ ಅದು ಕೆರೆಯ ಕೆಳಗಿನ ಹೊಲ. ಆ ಹೊಲದ ಒಡತಿಯಾದ ಮುದುಕಿ ಪಕ್ಕದಲ್ಲೇ ಉಳಿಸಿಕೊಂಡ ತುಂಡು ನೆಲದಲ್ಲಿ ಒಂದು ಚಿಕ್ಕ ಮನೆ ಕಟ್ಟಿಕೊಂಡಿದ್ದಳು. ಆಕೆಯ ಅಂಗಳದಲ್ಲಿ, ಮೇಷ್ಟ್ರ ನಿವೇಶನದ ಗಡಿಗೆ ನಾಲ್ಕೇ ಅಡಿ ದೂರದಲ್ಲಿ, ಒಂದು ಕಲ್ಲುಕಟ್ಟಿದ ಬಾವಿ. ಆಕೆಯ ಗಂಡ ತೋಡಿಸಿದ್ದು. ಒಂದು ಕಾಲದಲ್ಲಿ ಕಪಿಲೆ ಹೂಡಿ ನೀರೆತ್ತುತ್ತಿದ್ದದ್ದು. ಈಗ ತಳದಲ್ಲಿ ಒಡೆದ ಮಡಕೆ, ತೆಂಗಿನ ಗರಿ, ಯಾವ ಹುಡುಗನದೋ ಚೆಂಡು ಇವೆಲ್ಲ ಬಿದ್ದಿದ್ದವು. ನೀರು ಮಾತ್ರ ಇರಲಿಲ್ಲ.

ಮನೆ ಕಟ್ಟುವವನಿಗೆ ಇಬ್ಬರು ಅಧಿಪತಿಗಳು. ಒಬ್ಬ ವಾಸ್ತುಪುರುಷ, ಇನ್ನೊಬ್ಬ ನಕ್ಷೆ ಮಂಜೂರು ಮಾಡುವ ಅಧಿಕಾರಿ. ಮೊದಲನೆಯವನ ಕಡೆ ಮೇಷ್ಟ್ರ ಮಡದಿ ನಿಂತರು; ಎರಡನೆಯವನ ಕಡೆ ಮೇಷ್ಟ್ರು. ಅಡಿಗೆಮನೆ ಆಗ್ನೇಯಕ್ಕೆ, ನೀರಿನ ಸಂಪು ಈಶಾನ್ಯಕ್ಕೆ, ಪಾಯಿಖಾನೆಯ ಗುಂಡಿ ವಾಯವ್ಯಕ್ಕೆ ಎಂದು ಮಡದಿಯ ಕಡೆಯ ತೀರ್ಪು ಅರ್ಧ ಗಂಟೆಯಲ್ಲಿ ಹೊರಟಿತು. ಇನ್ನೊಂದು ಕಡೆಯ ತೀರ್ಪಿಗೆ ಓಡಾಟ ಹೆಚ್ಚು. ಖಾತೆ, ಕಂದಾಯದ ರಸೀದಿ, ನಿವೇಶನದ ಅಳತೆ, ನಾಲ್ಕೂ ಕಡೆ ಬಿಡಬೇಕಾದ ಜಾಗ, ಇವೆಲ್ಲ ಸೇರಿದ ಕಡತ ದಪ್ಪವಾಗುತ್ತ ಬಂತು. ಆ ಕಡತವನ್ನು ಕಂಕುಳಲ್ಲಿ ಇರುಕಿಕೊಂಡು ಓಡಾಡುವ ಗೃಹಸ್ಥರಲ್ಲಿ ಬಹುಪಾಲು ಜನ ಅದನ್ನು ದಂಡವೆಂದೇ ಬಗೆಯುತ್ತಾರೆ. ಮಂಜೂರಾದ ದಿನವೇ ನಕ್ಷೆಯನ್ನು ಬೀರುವಿಗೆ ಹಾಕಿ, ಮೇಸ್ತ್ರಿ ತೋರಿಸಿದಂತೆ ಕಟ್ಟುತ್ತಾರೆ. ೨೦೨೪ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಪೂರ್ಣತೆಯ ಪ್ರಮಾಣಪತ್ರವಿಲ್ಲದ ಕಟ್ಟಡಗಳಿಗೆ ನೀರು ವಿದ್ಯುತ್ತು ಕೊಡಕೂಡದೆಂದು ಹೇಳಿದ ಮೇಲೆ ಅನೇಕರು ಬೀರು ತೆರೆದು ಆ ನಕ್ಷೆಯನ್ನು ಹುಡುಕಬೇಕಾಯಿತು. ಮೇಷ್ಟ್ರು ಮನೆ ಕಟ್ಟಿದ್ದು ಅದಕ್ಕಿಂತ ಏಳು ವರ್ಷ ಮೊದಲು. ಆದರೂ ಅವರು ನಕ್ಷೆಯನ್ನು ಓದಿದರು. ಪಠ್ಯಪುಸ್ತಕವನ್ನು ಓದಿ ಅಭ್ಯಾಸವಾದವರಿಗೆ ಓದದೆ ಇರುವುದೇ ಕಷ್ಟ.

ಓದಿದಂತೆ ಅವರಿಗೆ ಸೋಜಿಗವಾಯಿತು. ತಾವು ಮೂವತ್ತನಾಲ್ಕು ವರ್ಷ ಹೇಳಿದ ಪಾಠವೇ ಇಲ್ಲಿ ಅಂಕಿಗಳಾಗಿ ಕೂತಿದೆ! ೧೯೭೦ರಲ್ಲಿ ಮೊದಲು ಹೊರಬಂದು ೨೦೧೬ರಲ್ಲಿ ಪರಿಷ್ಕಾರಗೊಂಡ ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಯ ಎತ್ತರ ೨.೭೫ ಮೀಟರಿಗೆ ಕಡಿಮೆಯಾಗಬಾರದೆನ್ನುತ್ತದೆ. ಒಣ ಸೆಕೆಯ ಸೀಮೆಯಲ್ಲಿ ಕಿಟಕಿಗಳ ವಿಸ್ತೀರ್ಣ ಕೋಣೆಯ ನೆಲದ ಹತ್ತನೆಯ ಒಂದು ಪಾಲಾದರೂ ಇರಬೇಕು, ತೇವದ ಸೆಕೆಯ ಸೀಮೆಯಲ್ಲಿ ಆರನೆಯ ಒಂದು ಪಾಲು. ಹತ್ತಕ್ಕೆ ಹನ್ನೆರಡು ಅಡಿಯ ಕೋಣೆಗೆ ಹನ್ನೆರಡು ಚದರಡಿ ಕಿಟಕಿ ಎಂದಾಯಿತು. ಮೇಷ್ಟ್ರು ಟೇಪು ಹಿಡಿದು ಅಂದಿನ ಬಾಡಿಗೆ ಮನೆಯ ಕಿಟಕಿಯನ್ನು ಅಳೆದರು. ನಾಲ್ಕು ಚದರಡಿ, ಅದೂ ತೆರೆದರೆ ಪಕ್ಕದ ಮನೆಯ ಗೋಡೆಯೇ ಎದುರು. ಆ ಗೋಡೆಯವನು ಬಿಡಬೇಕಾದ ಜಾಗ ಬಿಟ್ಟಿರಲಿಲ್ಲ. ಮನೆಯ ಸುತ್ತ ಬಿಡುವ ಮೂರಡಿಯನ್ನು ನಾವು ನಮ್ಮ ನಷ್ಟವೆಂದು ಲೆಕ್ಕ ಹಾಕುತ್ತೇವೆ. ನಿಜವಾಗಿ ನೋಡಿದರೆ ಅದು ಪಕ್ಕದ ಮನೆಯವರ ಹಗಲು.

ಇಂಥ ಅಂಕಿಗಳು ಯಾವನೋ ಗುಮಾಸ್ತನ ಲಹರಿಯಿಂದ ಹುಟ್ಟಿದವಲ್ಲ. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇಲಿ ಬಿದ್ದರೆ ಜನ ಮನೆಗೆ ಬೀಗ ಹಾಕಿ ಊರ ಹೊರಗೆ ಗುಡಿಸಲು ಹೂಡುತ್ತಿದ್ದ ಕಾಲ. ಪೇಟೆಯ ಮನೆಗಳಲ್ಲಿ ಒಂದೇ ಕತ್ತಲೆಯೊಳಗೆ ಕಾಳಿನ ಮೂಟೆಯೂ ಇತ್ತು, ಇಲಿಯೂ ಇತ್ತು, ಬಾಣಂತಿಯೂ ಇದ್ದಳು. ಆ ಭಯದಲ್ಲಿ ಬೆಳೆದ ಬಡಾವಣೆಗಳೇ ಮಲ್ಲೇಶ್ವರ ಮತ್ತು ಬಸವನಗುಡಿ: ನೇರವಾದ ಅಗಲ ಬೀದಿ, ಮನೆಗೂ ಮನೆಗೂ ನಡುವೆ ಜಾಗ, ಹಿಂಬದಿಗೆ ಜಾಡಮಾಲಿಯ ಓಣಿ. ಪ್ಲೇಗಿನ ರೋಗಾಣುವನ್ನು ಯೆರ್ಸಿನ್ ೧೮೯೪ರಲ್ಲೇ ಹಾಂಕಾಂಗಿನಲ್ಲಿ ಕಂಡಿದ್ದನು. ಅದನ್ನು ಹರಡುವುದು ಇಲಿಯ ಮೈಮೇಲಿನ ಚಿಗಟವೆಂದು ಸಿಮೊಂಡ್ ಎಂಬ ಫ್ರೆಂಚ್ ವೈದ್ಯನು ತೋರಿಸಿಕೊಟ್ಟದ್ದು ಅದೇ ೧೮೯೮ರಲ್ಲಿ. ಹೊಸ ಬೀದಿಗಳನ್ನು ಗೆರೆ ಎಳೆದವರಿಗೆ ಚಿಗಟದ ವಿಚಾರ ತಿಳಿಯದಿದ್ದರೂ ಕತ್ತಲೆ ಒಳ್ಳೆಯದಲ್ಲವೆಂದು ತಿಳಿದಿತ್ತು. ಅರ್ಧ ತಿಳಿವಿನಿಂದಲೂ ಒಮ್ಮೊಮ್ಮೆ ಪೂರ್ಣ ಹಿತವಾಗುವುದುಂಟು. ೧೮೮೭ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಮುಂದೆ ನೆಲೆಸಿದ್ದು ಈ ಬಸವನಗುಡಿಯಲ್ಲೇ. ಅವರ ಹೆಸರಿನ ರಸ್ತೆಯೂ ಅಲ್ಲಿದೆ. ಅಲ್ಲಿಯ ಮರದ ನೆರಳಿನಲ್ಲಿ ಓಡಾಡುವಾಗ ಪ್ಲೇಗನ್ನು ಈಗ ಯಾರು ನೆನೆಯುತ್ತಾರೆ!

ಆದರೆ ಆ ಹಿಂಬದಿಯ ಓಣಿಯನ್ನು ನೆನೆಯಲೇಬೇಕು. ಮನೆಯವರ ಮುಖಕ್ಕೆ ಬೀಳದೆ ಬಂದು, ಗೋಡೆಯ ಕಿಂಡಿಯಿಂದ ಮಲದ ತೊಟ್ಟಿಯನ್ನು ಎಳೆದು, ತಲೆಯ ಮೇಲೆ ಹೊತ್ತು ಹೋಗುವ ಮನುಷ್ಯನಿಗಾಗಿ ಅದನ್ನು ಬಿಟ್ಟಿದ್ದರು. ನಕ್ಷೆಯಲ್ಲಿ ಅವನಿಗೆ ದಾರಿಯಿತ್ತು, ಬೇರೇನೂ ಇರಲಿಲ್ಲ. ೧೯೭೦ರ ದಶಕದ ಆರಂಭದಲ್ಲಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಮ್ಮ ರಾಜ್ಯದಲ್ಲಿ ನಿಷೇಧಿಸಿದರು. ೧೯೯೩ರ ಕೇಂದ್ರ ಕಾಯಿದೆ ಒಣ ಪಾಯಿಖಾನೆ ಕಟ್ಟುವುದನ್ನೇ ಅಪರಾಧವೆಂದಿತು. ಹಾಗಿದ್ದೂ ಕೋಲಾರ ಚಿನ್ನದ ಗಣಿಯ ಕಾರ್ಮಿಕರ ಸಾಲುಮನೆಗಳಲ್ಲಿ, ೨೦೦೧ರಲ್ಲಿ ಗಣಿ ಮುಚ್ಚಿದ ಮೇಲೂ ವರ್ಷಗಟ್ಟಲೆ ಅಂಥ ಪಾಯಿಖಾನೆಗಳು ಉಳಿದಿದ್ದವು. ಅವನ್ನು ಬಳಿಯುವ ಕೈಗಳೂ ಉಳಿದಿದ್ದವು. ಚಿನ್ನ ಬಗೆಯಲು ಭೂಮಿಯೊಳಕ್ಕೆ ಮೂರು ಕಿಲೋಮೀಟರು ಇಳಿಯುವ ವಿದ್ಯೆ ಬಂದಿದ್ದ ನೆಲದಲ್ಲಿ ಒಂದು ಕೊಳವೆ ಹಾಕಿ ಮಲ ಸಾಗಿಸುವ ವಿದ್ಯೆ ಎಲ್ಲ ಬೀದಿಗೂ ಬರಲಿಲ್ಲ. ಗುಂಡಿಗೆ ಮನುಷ್ಯನನ್ನು ಇಳಿಸಬಾರದೆಂದು ೨೦೧೩ರಲ್ಲಿ ಇನ್ನೊಂದು ಕಾಯಿದೆಯಾಯಿತು. ಮುಚ್ಚಿದ ಗುಂಡಿಯೊಳಗಿನ ಗಾಳಿ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪಿಸಬಲ್ಲದು. ಒಬ್ಬನನ್ನು ಎತ್ತಲು ಹೋದ ಇನ್ನೊಬ್ಬನೂ ಮೇಲೆ ಬರುವುದಿಲ್ಲ.

ಈಗ ಗುಂಡಿಯ ವಿಚಾರಕ್ಕೇ ಬರೋಣ. ಮೇಷ್ಟ್ರ ಬಡಾವಣೆಗೆ ಒಳಚರಂಡಿ ಇರಲಿಲ್ಲ. ನಕ್ಷೆ ಬರೆದ ತರುಣನು ವಾಯವ್ಯದ ಮೂಲೆಯಲ್ಲಿ ಎರಡು ಸೊಗಸಾದ ವೃತ್ತ ಎಳೆದು, ಒಂದಕ್ಕೆ ಸೆಪ್ಟಿಕ್ ಟ್ಯಾಂಕು, ಇನ್ನೊಂದಕ್ಕೆ ಇಂಗುಗುಂಡಿ ಎಂದು ಬರೆದಿದ್ದನು. ನಕ್ಷೆ ಮಂಜೂರಾಯಿತು. ಮೇಷ್ಟ್ರು ಪುಸ್ತಕ ತಿರುವಿದರು. ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ ೧೮ ಮೀಟರಾದರೂ ದೂರವಿರಬೇಕು, ವಾಸದ ಮನೆಯಿಂದ ೬ ಮೀಟರು ಎಂದು ಭಾರತೀಯ ಮಾನಕ ಹೇಳುತ್ತದೆ. ಹದಿನೆಂಟು ಮೀಟರೆಂದರೆ ಐವತ್ತೊಂಬತ್ತು ಅಡಿ. ಮೂವತ್ತು ಅಡಿ ಒಂದು ಬಾಹು, ನಲವತ್ತು ಅಡಿ ಇನ್ನೊಂದು ಬಾಹು. ಎಷ್ಟೋ ವರ್ಷ ಕರಿಹಲಗೆಯ ಮೇಲೆ ಬರೆದ ಲೆಕ್ಕ. ಕರ್ಣ ಐವತ್ತು. ಮೂಲೆಯಿಂದ ಮೂಲೆಗೆ ಹಗ್ಗ ಎಳೆದು ಹಿಡಿದರೂ ನಿವೇಶನದೊಳಗೆ ಐವತ್ತೊಂಬತ್ತು ಅಡಿ ಸಿಗುವುದಿಲ್ಲ! ಅಂದರೆ ಒಳಚರಂಡಿಯಿಲ್ಲದೆ ನೆಲವನ್ನು ಮೂವತ್ತು ನಲವತ್ತರ ತುಂಡುಗಳಾಗಿ ಮಾರಿದ ದಿನವೇ ನಿಯಮ ಮುರಿದುಹೋಗಿತ್ತು. ಆಮೇಲೆ ಮನೆ ಕಟ್ಟುವವರೆಲ್ಲ ಮುರಿದ ನಿಯಮದ ಚೂರುಗಳನ್ನು ಹಂಚಿಕೊಳ್ಳುವವರು. ಅರ್ಜಿಯಲ್ಲಿ "ನಿವೇಶನದಲ್ಲಿ ಬಾವಿ ಇದೆಯೆ?" ಎಂಬ ಪ್ರಶ್ನೆಗೆ "ಇಲ್ಲ" ಎಂದು ಬರೆದದ್ದೂ ಸುಳ್ಳಲ್ಲ. ಬಾವಿ ಇದ್ದದ್ದು ಗಡಿಯ ಆಚೆ ನಾಲ್ಕಡಿಯಲ್ಲಿ, ಗುಂಡಿಯ ವೃತ್ತದಿಂದ ಒಂಬತ್ತು ಅಡಿಯಲ್ಲಿ. ನಕ್ಷೆ ಗಡಿಯ ಗೆರೆಗೆ ಬಂದು ನಿಲ್ಲುತ್ತದೆ. ನೀರು ನಿಲ್ಲುವುದಿಲ್ಲ.

ಮೇಸ್ತ್ರಿಗೆ ಈ ಲೆಕ್ಕ ಕೇಳಿ ನಗು ಬಂತು.

"ಮೇಷ್ಟ್ರೇ, ಆ ಬಾವಿ ಸತ್ತು ಹದಿನೈದು ವರ್ಷ ಆಯ್ತು. ಸತ್ತ ಬಾವಿಗೆ ಯಾವ ಅಳತೆ? ಎಂಟು ಸಿಮೆಂಟ್ ರಿಂಗು ಇಳಿಸಿಬಿಡ್ತೀನಿ. ತಳಕ್ಕೆ ಕಾಂಕ್ರೀಟು ಬೇಡ. ನೀರು ತಾನೇ ಇಂಗಿಕೊಳ್ಳುತ್ತೆ, ಇಪ್ಪತ್ತು ವರ್ಷ ಮುಚ್ಚಳ ತೆಗೆಯೋ ಹಾಗಿಲ್ಲ. ಈ ಬೀದೀಲಿ ಎಲ್ಲರೂ ಹಾಗೇ ಮಾಡಿರೋದು."

ಮುದುಕಿ ಇನ್ನೂ ಉದಾರಿ. ಬೇಲಿಯ ಆಚೆಯಿಂದಲೇ ಹೇಳಿದಳು: "ಅಷ್ಟು ಖರ್ಚು ಯಾಕೆ ಮಾಡ್ತೀರಾ ಮೇಷ್ಟ್ರೇ? ಒಂದು ಪೈಪು ಹಾಕಿ ನಮ್ಮ ಬಾವಿಗೇ ಬಿಡಿ. ನಮ್ಮ ಯಜಮಾನ್ರು ತೋಡಿಸಿದ್ದು, ನಲವತ್ತು ಅಡಿ ಇದೆ. ನಿಮ್ಮ ಕಾಲಕ್ಕೂ ತುಂಬಲ್ಲ, ನಮ್ಮ ಕಾಲಕ್ಕೂ ತುಂಬಲ್ಲ. ನಂದೂ ಅದಕ್ಕೇ ಬಿಡೋಣ ಅಂತಿದ್ದೆ."

ಇದು ಹಾಸ್ಯದ ಮಾತಲ್ಲ. ಬರಗಾಲದ ಆ ವರ್ಷಗಳಲ್ಲಿ ಬತ್ತಿದ ಬಾವಿ ಎಷ್ಟೋ ಊರಿನಲ್ಲಿ ಕಸದ ತಿಪ್ಪೆಯಾಯಿತು, ಬಚ್ಚಲ ಗುಂಡಿಯಾಯಿತು. ನಿತ್ಯ ಹರಿಯುವ ಒಂದು ನದಿಯೂ ಈ ಜಿಲ್ಲೆಗಿಲ್ಲ. ಇದ್ದದ್ದು ಕೆರೆಗಳ ಮಾಲೆ. ಕೆರೆ ಹೂಳು ತುಂಬಿತು, ಬಾವಿ ಬತ್ತಿತು, ಕೊಳವೆ ಬಾವಿ ಸಾವಿರ ಅಡಿ ದಾಟಿ ಸಾವಿರದ ಐನೂರಕ್ಕೆ ಇಳಿಯಿತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ನಾಲ್ಕು ತಾಲ್ಲೂಕುಗಳೂ ಅಂತರ್ಜಲವನ್ನು ಅತಿಯಾಗಿ ಬಳಸಿದ ತಾಲ್ಲೂಕುಗಳ ಪಟ್ಟಿಗೆ ಸೇರಿದವು. ೨೦೧೧ರ ಅಂತರ್ಜಲ ಕಾಯಿದೆಯಂತೆ ಇಂಥ ಕಡೆ ಕೊಳವೆ ಬಾವಿಗೂ ಅನುಮತಿ ಬೇಕಾಯಿತು. ನೀರೇ ಇಲ್ಲದ ಬಾವಿಗೆ ಮರ್ಯಾದೆ ಉಳಿಯುವುದು ಹೇಗೆ?

"ಆಲೋಚಿಸಿ ಹೇಳುತ್ತೇನಮ್ಮ" ಎಂದು ಮೇಷ್ಟ್ರು ಹಿಂದಿರುಗಿದರು. ಆ ರಾತ್ರಿ ಅವರಿಗೆ ನಿದ್ರೆ ಬರಲಿಲ್ಲ. ಕಾರಣ ಬಾವಿಯಲ್ಲ, ಒಬ್ಬ ಹುಡುಗ.

ಅದು ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ನಡೆದದ್ದು. ಮೇಷ್ಟ್ರಿಗೆ ಆಗ ಹೊಸ ಕೆಲಸದ ಹುಮ್ಮಸ್ಸು. ಬೆಳಗಿನ ಪ್ರಾರ್ಥನೆಯಾದ ಮೇಲೆ ಉಗುರು, ತಲೆ, ಹಲ್ಲು ನೋಡುವ ಪರಿಪಾಠ. ಒಬ್ಬ ಹುಡುಗನ ಹಲ್ಲಿನ ಮೇಲೆ ಕಂದು ಕಲೆ. "ಹಲ್ಲು ಉಜ್ಜಿದೆಯೇನೋ?" ಎಂದು ಕೇಳಿದರು. "ಉಜ್ಜಿದೀನಿ ಸಾರ್" ಎಂದ. ಸುಳ್ಳಾಡುತ್ತಾನೆಂದು ಎಲ್ಲರ ಮುಂದೆ ಗದರಿಸಿ, ಇದ್ದಿಲಿನ ಪುಡಿ ಕೊಟ್ಟು ತೊಟ್ಟಿಯ ಬಳಿ ನಿಲ್ಲಿಸಿದರು. ಹುಡುಗ ಒಸಡಿನಲ್ಲಿ ರಕ್ತ ಬರುವವರೆಗೆ ಉಜ್ಜಿದ. ಕಲೆ ಹೋಗಲಿಲ್ಲ. ಮರುದಿನ ಅವನು ಬರಲಿಲ್ಲ. ಆಮೇಲೆ ಬಂದರೂ ಬಾಯಿ ಬಿಟ್ಟು ನಗಲಿಲ್ಲ. ಎಷ್ಟೋ ವರ್ಷದ ಮೇಲೆ ತರಬೇತಿಯೊಂದರಲ್ಲಿ ಆರೋಗ್ಯ ಇಲಾಖೆಯವರು ಚಿತ್ರ ತೋರಿಸಿ ವಿವರಿಸಿದರು: ಗ್ರಾನೈಟ್ ಬಂಡೆಯ ಆಳದ ನೀರಿನಲ್ಲಿ ಫ್ಲೋರೈಡ್ ಸೇರಿರುತ್ತದೆ, ಲೀಟರಿಗೆ ೧.೫ ಮಿಲಿಗ್ರಾಮಿಗೆ ಮೀರಿದ ನೀರನ್ನು ಎಳೆಯ ವಯಸ್ಸಿನಲ್ಲಿ ಕುಡಿದರೆ ಮೂಡುವ ಹಲ್ಲಿನಲ್ಲೇ ಕಲೆ ನಿಲ್ಲುತ್ತದೆ, ಉಜ್ಜಿದರೆ ಹೋಗದು, ಹೆಚ್ಚು ಕಾಲ ಕುಡಿದರೆ ಮೂಳೆಯೂ ಬಾಗುತ್ತದೆ. ಚಿತ್ರದಲ್ಲಿದ್ದುದು ಅಂಥದೇ ಹಲ್ಲು. ಮೇಷ್ಟ್ರು ಅಂದು ಊಟ ಮಾಡಲಿಲ್ಲ. ನೀರಿನ ತಪ್ಪಿಗೆ ಹುಡುಗನನ್ನು ದಂಡಿಸಿದ್ದರು.

ಬೆಳಗಾಗುವಷ್ಟರಲ್ಲಿ ಮನಸ್ಸು ಗಟ್ಟಿಯಾಗಿತ್ತು. ಬತ್ತಿದ ಬಾವಿಗೆ ಪೈಪು ಬಿಡುವುದಿಲ್ಲ. ತಳವಿಲ್ಲದ ರಿಂಗು ಗುಂಡಿಯನ್ನೂ ಇಳಿಸುವುದಿಲ್ಲ. ಅವರ ತರ್ಕ ತರಗತಿಯ ತರ್ಕವೇ. ಮಣ್ಣು ಒಂದು ದೊಡ್ಡ ಜರಡಿ. ಕೊಳೆನೀರು ಅದರಲ್ಲಿ ಅಂಗುಲ ಅಂಗುಲವಾಗಿ ಇಂಗುವಾಗ ರೋಗಾಣುಗಳು ಸಿಕ್ಕಿಬೀಳುತ್ತವೆ, ಹಸಿದು ಸಾಯುತ್ತವೆ. ಹದಿನೆಂಟು ಮೀಟರು ಎಂಬುದು ನೋಡಲು ಉದ್ದದ ಅಳತೆ, ಆದರೆ ನಿಜವಾಗಿ ಅದು ಕಾಲದ ಅಳತೆ, ರೋಗಾಣು ಸಾಯಲು ಬೇಕಾದಷ್ಟು ಕಾಲ. ಕೋಲಾರದಂಥ ನೆಲದಲ್ಲಿ ನಾಲ್ಕಾರು ಮೊಳ ಮಣ್ಣು ದಾಟಿದರೆ ಬಿರುಕುಬಿಟ್ಟ ಬಂಡೆ. ಬಿರುಕಿನಲ್ಲಿ ನೀರು ಇಂಗುವುದಿಲ್ಲ, ಓಡುತ್ತದೆ. ಅಲ್ಲಿ ಹದಿನೆಂಟು ಮೀಟರೂ ಪೂರ್ಣ ಭರವಸೆಯಲ್ಲ. ಇನ್ನು ಬಾವಿಗೇ ಬಿಟ್ಟರೆ ಜರಡಿಯೇ ಇಲ್ಲದೆ ನೇರವಾಗಿ ಭೂಮಿಯ ಹೊಟ್ಟೆಗೆ ಸುರಿದಂತೆ.

ಮಡದಿ ಕೇಳಿದರು: "ಏನೂಂದ್ರೆ, ಹಾಗಾದರೆ ಗುಂಡಿಯೇ ಇಲ್ಲದ ಮನೆ ಕಟ್ಟುತ್ತೀರಾ?"

"ಗುಂಡಿ ಇರುತ್ತದೆ. ಸೋರುವುದಿಲ್ಲ, ಅಷ್ಟೇ."

ತಳಕ್ಕೂ ಸುತ್ತಕ್ಕೂ ಕಾಂಕ್ರೀಟು, ಒಳಗೆಲ್ಲ ನುಣುಪಾದ ಗಿಲಾವು, ಗಾಳಿಗೆ ಎತ್ತರದ ಕೊಳವೆ, ಯಂತ್ರದ ಪೈಪು ಇಳಿಸಲು ರಸ್ತೆಯ ಕಡೆಗೆ ಮುಚ್ಚಳ. ಆರು ಸಾವಿರ ಲೀಟರಿನ ತೊಟ್ಟಿ. ಸ್ನಾನದ ನೀರು, ಪಾತ್ರೆ ತೊಳೆದ ನೀರು ಬೇರೆ ದಾರಿ ಹಿಡಿದು ಬಾಳೆಯ ಬುಡಕ್ಕೆ. ತೊಟ್ಟಿ ಆಗ್ನೇಯಕ್ಕೆ ಸರಿಯಿತು. ವಾಸ್ತುಪುರುಷನಿಗೆ ಮಡದಿಯ ಪರವಾಗಿ ಒಂದು ಶಾಂತಿ ನಡೆಯಿತು. ಖರ್ಚು ಮೇಸ್ತ್ರಿ ಹೇಳಿದ್ದರ ನಾಲ್ಕರಷ್ಟಾಯಿತು. ಹಜಾರಕ್ಕೆ ಹಾಕಬೇಕೆಂದಿದ್ದ ಹೊಳೆಯುವ ಕಲ್ಲಿನ ಬದಲು ಸಾಧಾರಣ ನೆಲ ಬಂತು. ಗೃಹಪ್ರವೇಶಕ್ಕೆ ಬಂದ ನೆಂಟರು ನೆಲವನ್ನು ನೋಡಿ ಸುಮ್ಮನಾದರು; ತೊಟ್ಟಿಯನ್ನು ತೋರಿಸುವಂತಿರಲಿಲ್ಲ. ಮನೆಯ ಅತಿ ದುಬಾರಿ ಭಾಗವನ್ನು ನೆಲದಲ್ಲಿ ಹೂತು, ಅದರ ಮೇಲೆ ರಂಗೋಲಿ ಬಿಟ್ಟ ಗೃಹಸ್ಥ ಅವರೊಬ್ಬರೇ ಇರಬೇಕು.

ಸೋರದ ತೊಟ್ಟಿ ತುಂಬುತ್ತದೆ. ಎರಡು ತಿಂಗಳಿಗೊಮ್ಮೆ ಗುಡುಗುಡು ಸದ್ದಿನೊಡನೆ ಹೀರುವ ಲಾರಿ ಬಂದು ನಿಲ್ಲುವುದು. ಆ ಸದ್ದಿಗೆ ಬೀದಿಯ ಕಿಟಕಿಗಳು ಮುಚ್ಚಿಕೊಳ್ಳುವುವು. ಅಷ್ಟು ಹೊತ್ತೂ ಮೇಷ್ಟ್ರು ಕೊಡೆ ಹಿಡಿದು ಅಲ್ಲೇ ನಿಂತು, ಮುಚ್ಚಳದೊಳಗೆ ಇಳಿಯುವುದು ಪೈಪೇ ಹೊರತು ಮನುಷ್ಯನಲ್ಲವೆಂದು ನೋಡಿಕೊಳ್ಳುವರು. ತುಂಬಿದ ಲಾರಿ ಎಲ್ಲಿಗೆ ಹೋಗಿ ಬರಿದಾಗುವುದೆಂದು ಚಾಲಕನನ್ನು ಪ್ರತಿ ಸಾರಿಯೂ ಕೇಳುವರು. ಅವನು ಪ್ರತಿ ಸಾರಿಯೂ ಬೇರೆ ಬೇರೆ ಉತ್ತರ ಕೊಡುತ್ತಿದ್ದನು. ಬೀದಿಯ ಹುಡುಗರು ಅವರಿಗೆ "ಟ್ಯಾಂಕು ಮೇಷ್ಟ್ರು" ಎಂದು ಹೆಸರಿಟ್ಟರು. ಮಡದಿಗೆ ಅದು ಕಿವಿಗೆ ಬಿದ್ದ ದಿನ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಗಿತ್ತು.

ಅತ್ತ ೨೦೧೮ರ ಜೂನಿನಲ್ಲಿ ಒಂದು ವಿಚಿತ್ರ ನಡೆಯಿತು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳೆನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ, ದೊಡ್ಡ ಕೊಳವೆಗಳಲ್ಲಿ ತಂದು ಕೋಲಾರದ ಕೆರೆಗಳಿಗೆ ತುಂಬುವ ಯೋಜನೆಯ ಮೊದಲ ನೀರು ಲಕ್ಷ್ಮೀಸಾಗರದ ಕೆರೆಗೆ ಬಂತು. ಗುರಿ ದಿನಕ್ಕೆ ನಲವತ್ತನಾಲ್ಕು ಕೋಟಿ ಲೀಟರು, ನೂರಕ್ಕೂ ಹೆಚ್ಚು ಕೆರೆ. ಮುಂದಿನ ತಿಂಗಳೇ ಕೆರೆಯ ಮೇಲೆ ನೊರೆ ಕಂಡಿತು, ವ್ಯಾಜ್ಯ ಹೈಕೋರ್ಟಿಗೆ ಹೋಗಿ ನೀರು ನಿಂತಿತು, ಮತ್ತೆ ಹರಿಯಿತು. ಈ ನೀರು ಕುಡಿಯಲಿಕ್ಕಲ್ಲ, ನೆಲದೊಳಕ್ಕೆ ಇಂಗಲಿಕ್ಕೆ ಎಂದು ಸರ್ಕಾರ ಹೇಳಿತು. ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕೆಂದು ಜಿಲ್ಲೆಯ ಹೋರಾಟಗಾರರು ಕೇಳುತ್ತಲೇ ಬಂದರು. ಇಬ್ಬರ ಮಾತೂ ಮೇಷ್ಟ್ರಿಗೆ ತಮ್ಮ ಹಳೆಯ ಪಾಠದಂತೆಯೇ ಕೇಳಿಸಿತು. ಬೆಂಗಳೂರಿನ ಬಚ್ಚಲಿಗೂ ಕೋಲಾರದ ಬಾವಿಗೂ ನಡುವೆ ಎಷ್ಟು ಮೀಟರು ಮಣ್ಣು ಸಾಕು ಎಂಬುದೇ ಅಲ್ಲಿಯೂ ಪ್ರಶ್ನೆ. ಒಂದು ನಗರ ತನ್ನ ಗುಂಡಿಯನ್ನು ಎಷ್ಟು ಕಾಳಜಿಯಿಂದ ಕಟ್ಟಿಕೊಂಡಿದೆಯೋ ಅಷ್ಟೇ ಕಾಳಜಿ ಇನ್ನೊಂದು ಊರಿನ ನೀರಿಗೆ ಬರುತ್ತದೆ.

ಕೆರೆಗಳ ಸುತ್ತಿನ ಕೊಳವೆ ಬಾವಿಗಳಲ್ಲಿ ನೀರು ಮೇಲೇರಿತು. ೨೦೨೧ರ ನವೆಂಬರಿನಲ್ಲಿ ಕಂಡರಿಯದ ಮಳೆ ಸುರಿದು ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಹರಿದವು. ಕೋಡಿ ನೋಡಲು ಜನ ಸಂಸಾರ ಸಮೇತ, ಬುತ್ತಿ ಕಟ್ಟಿಕೊಂಡು ಹೋದರು. ಆ ಮಳೆ ನಿಂತ ನಾಲ್ಕನೆಯ ದಿನ ಬೆಳಗ್ಗೆ, ಮೇಷ್ಟ್ರು ಪತ್ರಿಕೆ ಬಿಡಿಸುತ್ತಿದ್ದಾಗ, ಬೇಲಿಯ ಆಚೆಯಿಂದ ಮುದುಕಿಯ ಕೂಗು ಕೇಳಿಸಿತು.

"ಮೇಷ್ಟ್ರೇ! ಬಿರ್ರನೆ ಬನ್ನಿ! ಬಾವೀಲಿ ಆಕಾಶ ಕಾಣ್ತೈತೆ!"

ನಿಜ. ಮಡಕೆ, ಗರಿ, ಚೆಂಡು ಯಾವುದೂ ಕಾಣುತ್ತಿರಲಿಲ್ಲ. ಹತ್ತು ಮೊಳ ಕೆಳಗೆ ಒಂದು ದುಂಡನೆಯ ಬಿಳಿ ಮೋಡ ಅಲುಗಾಡುತ್ತಿತ್ತು. ಚೆಂಡು ತೇಲಿಕೊಂಡು ಬಂದು ಕಲ್ಲಿನ ಸಂದಿಗೆ ಸಿಕ್ಕಿತ್ತು. ಮುದುಕಿ ಅಟ್ಟದಿಂದ ಹಳೆಯ ರಾಟೆ ಇಳಿಸಿದಳು. ಮೊದಲ ಬಿಂದಿಗೆ ಮೇಲೆ ಬಂದಾಗ ಅದಕ್ಕೆ ಅರಿಸಿನ 
ಕುಂಕುಮ ಹಚ್ಚಿದಳು. ಗಂಡನ ಹೆಸರು ಹೇಳಲಿಲ್ಲ. ಸೆರಗಿನಿಂದ ಕಣ್ಣು ಮಾತ್ರ ಒರಸಿಕೊಂಡಳು. ಆಮೇಲೆ ಒಂದು ಚೊಂಬು ಮೇಷ್ಟ್ರ ಮುಂದೆ ಹಿಡಿದು ಕೇಳಿದಳು: "ಕುಡೀಬಹುದಾ ಮೇಷ್ಟ್ರೇ? ನೀವು ಹೇಳಿದರೆ ಕುಡೀತೀನಿ. ನಿಮ್ಮದು ಸೋರಲ್ಲ ಅಂತ ನನಗೆ ಗೊತ್ತು."

ಮೇಷ್ಟ್ರು ಚೊಂಬನ್ನು ತೆಗೆದುಕೊಂಡರು, ಕುಡಿಯಲಿಲ್ಲ. "ನಾಲ್ಕು ದಿನ ತಡೆಯಿರಮ್ಮ" ಎಂದು ಹೇಳಿ, ಪ್ರಯೋಗಾಲಯದಿಂದ ತೊಳೆದ ಸೀಸೆ ತಂದು, ತಾವೇ ನೀರು ತುಂಬಿ, ತಾವೇ ಕೊಟ್ಟು ಬಂದರು. ನಾಲ್ಕು ದಿನವೂ ಅವರಿಗೆ ಪರೀಕ್ಷೆ ಬರೆದ ವಿದ್ಯಾರ್ಥಿಯ ಕಳವಳ. ಫಲಿತಾಂಶದ ಕಾಗದದಲ್ಲಿ ಫ್ಲೋರೈಡ್ ಮಿತಿಯೊಳಗಿತ್ತು, ಮೇಲಣ ನೀರಲ್ಲವೆ! ಅದನ್ನು ಓದಿ ಅವರ ಮುಖ ಅರಳಿತು. ಕೆಳಗಿನ ಸಾಲಿನಲ್ಲಿ ಮಲಮೂಲದ ಕೋಲಿಫಾರ್ಮ್ ಎಂದಿತ್ತು. ಕುಡಿಯುವ ನೀರಿನ ೧೦೦ ಮಿಲಿಲೀಟರಿನಲ್ಲಿ ಒಂದೂ ಇರಬಾರದು. ಇದರಲ್ಲಿ ಇತ್ತು.

ಮೇಷ್ಟ್ರು ಬಾವಿಯ ಕಟ್ಟೆಯ ಮೇಲೆ ಟೇಪಿನ ತುದಿಯನ್ನು ಕಲ್ಲಿಗೆ ಸಿಕ್ಕಿಸಿ ಒಂದೊಂದೇ ದಿಕ್ಕಿಗೆ ನಡೆದರು. ಹಿಂದಿನ ಮನೆಯ ರಿಂಗು ಗುಂಡಿ ಹದಿನಾಲ್ಕು ಅಡಿ. ಮೂಲೆಯ ಮನೆಯದು ಇಪ್ಪತ್ತೆರಡು. ಮುದುಕಿಯ ಸ್ವಂತ ಗುಂಡಿ ಹನ್ನೊಂದು. ಅದೂ ಅದೇ ಮೇಸ್ತ್ರಿ ಇಳಿಸಿದ್ದು, ತಳವಿಲ್ಲದ್ದು. ಅಳತೆಯನ್ನು ಆಕೆಗೆ ಹೇಳುವುದೋ ಬೇಡವೋ ಎಂದು ಮೇಷ್ಟ್ರು ಬಹಳ ಹೊತ್ತು ನಿಂತರು. ಕೊನೆಗೆ ಹೇಳಿದರು, ಆ ಹುಡುಗನ ವಿಚಾರದಲ್ಲಿ ಮಾಡಿದಂತೆ ಗದರಿಸಲಿಲ್ಲ.

ಮುದುಕಿ ಸ್ವಲ್ಪ ಹೊತ್ತು ಬಾವಿಯೊಳಗೇ ನೋಡುತ್ತ ಕೂತಳು. "ಸತ್ತೇಹೋಯ್ತು ಅಂದ್ಕೊಂಡ್ವಿ" ಎಂದಳು. "ಎದ್ದು ಬರುತ್ತೆ ಅಂತ ಯಾರಿಗೆ ಗೊತ್ತಿತ್ತು?" ಬಿಂದಿಗೆಯ ನೀರನ್ನು ತುಳಸಿಗೂ ಅವರೆಯ ಪಾತಿಗೂ ಹಾಕಿದಳು. ಪಾತ್ರೆ ಬಟ್ಟೆಗೆ ಆಗುತ್ತದೆಯೆ ಎಂದು ಕೇಳಿದಳು. ಬಟ್ಟೆಗೆ ಆಗುತ್ತದೆ, ಪಾತ್ರೆಗೆ ಬೇಡವೆಂದು ಮೇಷ್ಟ್ರು ಹೇಳಿದರು. ತೊಟ್ಟಿ ಕಟ್ಟಿಸಲು ಎಷ್ಟಾಗುವುದೆಂದು ಕೇಳಿದಳು. ಮೇಷ್ಟ್ರು ಮೊತ್ತ ಹೇಳಿದರು. ಆಕೆ ಮತ್ತೆ ಬಾವಿಯೊಳಗೆ ನೋಡಿದಳು.

ಆ ಸಂಜೆ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಫಲಿತಾಂಶದ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು, ಟೇಪನ್ನು ಕೈಯಲ್ಲಿ ಹಿಡಿದು ಹೊರಟರು. ಮಡದಿ ಬಾಗಿಲಲ್ಲಿ ನಿಂತು ಕೇಳಿದರು:

"ಎಲ್ಲಿಗೆ?"

"ಹಿಂದಿನ ಮನೆಗೆ. ಆಮೇಲೆ ಮೂಲೆಯ ಮನೆಗೆ."

"ಟೇಪು ಹಿಡಿದುಕೊಂಡು ಹೋದರೆ ಬಾಗಿಲೇ ತೆಗೆಯುವುದಿಲ್ಲ" ಎಂದು ಆಕೆ ಟೇಪನ್ನು ತೆಗೆದು ಒಳಗಿಟ್ಟರು. "ಅವರನ್ನೇ ಇಲ್ಲಿಗೆ ಕರೆದುಕೊಂಡು ಬನ್ನಿ. ಡಿಕಾಕ್ಷನ್ ಹೆಚ್ಚಿಗೆ ಹಾಕಿರುತ್ತೇನೆ. ಆ ಅಮ್ಮನನ್ನೂ ಕರೆಯಿರಿ."